ಅಗ್ಗದ ಗೇರಾ, ಹೆಸರಿನ ಗೇರಾ? ಮೊದಲು ಲಿವರ್ ನೋಡಿ

ನಂದಿಬೆಟ್ಟದ ಕೊನೆಯ ಎರಡು ಕಿಲೋಮೀಟರ್ ಸೈಕಲ್‌ನಲ್ಲಿ ಹತ್ತಿದವರಿಗೆ ಗೊತ್ತು, ಅಲ್ಲಿ ಗೇರ್ ಕೈಕೊಟ್ಟರೆ ಕಾಲೂ ಕೈಕೊಡುತ್ತದೆ. ಒಂದು ಭಾನುವಾರ ಬೆಳಿಗ್ಗೆ ನನಗೆ ಅದೇ ಆಯಿತು. ತಿರುವಿನಲ್ಲಿ ಇನ್ನೊಂದು ಹಗುರ ಗೇರಿಗೆ ಹೋಗೋಣ ಎಂದು ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಬಲಗೈ ಲಿವರ್ ಒತ್ತಿದೆ. ಕಟ್ ಎಂಬ ಸದ್ದು ಬರಲಿಲ್ಲ. ಲಿವರ್ ಸಡಿಲವಾಗಿ ಒಳಗೆ ಹೋಯಿತು, ಹಾಗೇ ಸಡಿಲವಾಗಿ ವಾಪಸ್ ಬಂತು. ಮತ್ತೆ ಒತ್ತಿದೆ. ಅಷ್ಟರಲ್ಲಿ ಹಿಂದೆ ಚೈನು ಪಟಪಟನೆ ಇಳಿದು ಎಲ್ಲಕ್ಕಿಂತ ಚಿಕ್ಕ ಹಲ್ಲುಚಕ್ರದ ಮೇಲೆ ಕೂತಿತು. ಅಂದರೆ ಎಲ್ಲಕ್ಕಿಂತ ಭಾರದ ಗೇರು. ಸೈಕಲ್ ಇಳಿದು ತಳ್ಳಿಕೊಂಡು ಹೋದೆ.

ಅದು ಅಷ್ಟೇನೂ ಹೆಸರಿಲ್ಲದ ಒಂದು ಕಂಪನಿಯ 11 ಸ್ಪೀಡ್ ಸೆಟ್, ಅಂದರೆ ಹಿಂದೆ 11 ಹಲ್ಲುಚಕ್ರ ಇರುವುದು. ಹೊರದೇಶದಿಂದ ರಜೆಗೆ ಬಂದ ನೆಂಟರ ಕೈಲಿ ತರಿಸಿದ್ದೆ. ಒಂದು ವರ್ಷಕ್ಕಿಂತ ಜಾಸ್ತಿ ಚೆನ್ನಾಗಿಯೇ ಓಡಿತ್ತು. ಮರುದಿನ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಲಿವರ್ ಮೇಲಿನ ರಬ್ಬರ್ ಹುಡ್ ಹಿಂದಕ್ಕೆ ಸರಿಸಿ, ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿದರು. ಚಿಮಟದಿಂದ ಒಂದು ತುಂಡು ತಂತಿ ಎತ್ತಿ ನನ್ನ ಅಂಗೈ ಮೇಲಿಟ್ಟರು. ಅರ್ಧ ಉಗುರಿನಷ್ಟೂ ಇರಲಿಲ್ಲ.

"ಕೊಕ್ಕೆ ಸ್ಪ್ರಿಂಗ್ ಮುರಿದಿದೆ ಸಾರ್. ಇದೊಂದೇ ಎಲ್ಲೂ ಸಿಗಲ್ಲ. ಲಿವರ್ರೇ ಹೊಸದು ತರಿಸ್ಬೇಕು," ಅಂದರು.

ತರಿಸುವುದು ಎಲ್ಲಿಂದ? ಇಲ್ಲಿ ಅದನ್ನು ಮಾರುವವರಿಲ್ಲ. ನೆಂಟರು ಮತ್ತೆ ಬರುವುದು ಮುಂದಿನ ವರ್ಷ. ತಿಂಗಳುಗಟ್ಟಲೆ ಸೈಕಲ್ ಗೋಡೆಗೆ ಒರಗಿ ನಿಂತಿತು.

ಇದನ್ನು ಕೇಳಿದವರು "ಅದಕ್ಕೇ ಬ್ರ್ಯಾಂಡೆಡ್ ತಗೋಬೇಕು ಅನ್ನೋದು" ಅನ್ನುತ್ತಾರೆ. ನನ್ನ ಅನುಭವ ಹಾಗೆ ಹೇಳುವುದಿಲ್ಲ. ಅದೇ ಸೆಟ್ಟಿನ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗುಚ್ಛ, ಇವತ್ತಿಗೂ ನನ್ನ ಹಿಂದಿನ ಚಕ್ರದಲ್ಲಿದೆ, ಒಂದು ತಕರಾರೂ ಇಲ್ಲ. ಗೇರ್ ಸೆಟ್ ಅನ್ನುವುದು ಒಂದು ವಸ್ತು ಅಲ್ಲ. ಲಿವರ್, ಚೈನನ್ನು ಪಕ್ಕಕ್ಕೆ ಸರಿಸುವ ಹಿಂದಿನ ಮುಂದಿನ ಡಿರೇಲರ್, ಕ್ಯಾಸೆಟ್, ಚೈನು, ಕೇಬಲ್ ಎಲ್ಲ ಸೇರಿ ಆಗುವ ಗುಂಪು. ಇವುಗಳಲ್ಲಿ ಯಾವುದರಲ್ಲಿ ದುಡ್ಡು ಉಳಿಸಬಹುದು, ಯಾವುದರಲ್ಲಿ ಉಳಿಸಬಾರದು ಅನ್ನುವುದೇ ನಿಜವಾದ ಪ್ರಶ್ನೆ. ಲಿವರ್‌ನಲ್ಲಿ ಉಳಿಸಬೇಡಿ ಅನ್ನುವುದು ನನ್ನ ಉತ್ತರ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಹಳೇ ಕೈಗಡಿಯಾರಕ್ಕೆ ಕೀ ಕೊಡುವಾಗ ಕಟಕಟ ಎನ್ನುತ್ತಿತ್ತಲ್ಲ, ರೋಡ್ ಬೈಕಿನ, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲಿನ, ಲಿವರ್ ಒಳಗೆ ಇರುವುದು ಅದೇ ಜಾತಿಯ ವ್ಯವಸ್ಥೆ. ಹಲ್ಲಿರುವ ಒಂದು ಪುಟ್ಟ ಬಿಲ್ಲೆ. ಆ ಹಲ್ಲಿಗೆ ಸಿಕ್ಕಿಕೊಳ್ಳುವ ಕೊಕ್ಕೆಗಳು. ಕೊಕ್ಕೆಯನ್ನು ಒತ್ತಿ ಹಿಡಿಯುವ ಸ್ಪ್ರಿಂಗ್. ಒಂದು ಸಲ ಒತ್ತಿದರೆ ಬಿಲ್ಲೆ ಒಂದು ಹಲ್ಲು ತಿರುಗುತ್ತದೆ, ಕೇಬಲ್ ಒಂದು ಗೊತ್ತಾದ ಅಳತೆಯಷ್ಟು ಎಳೆಯುತ್ತದೆ. ಜಪಾನಿನ ಶಿಮಾನೊ ಕಂಪನಿಯ 8 ಸ್ಪೀಡ್ ಲಿವರ್‌ನಲ್ಲಿ ಆ ಎಳೆತ ಸುಮಾರು 2.8 ಮಿಲಿಮೀಟರ್. ಹಿಂದಿನ ಡಿರೇಲರ್ ಅದನ್ನು ಸುಮಾರು 1.7 ಪಟ್ಟು ಮಾಡಿ ಚೈನನ್ನು ಪಕ್ಕಕ್ಕೆ ಸರಿಸುತ್ತದೆ. ಗುಣಿಸಿ ನೋಡಿ, 4.8 ಮಿಲಿಮೀಟರ್ ಹತ್ತಿರ ಬರುತ್ತದೆ. 8 ಸ್ಪೀಡ್ ಕ್ಯಾಸೆಟ್‌ನಲ್ಲಿ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಇರುವ ದೂರವೂ ಅಷ್ಟೇ. ಈ ಲೆಕ್ಕ ಕೂಡಿಬಂದರೆ ಗೇರ್ ಮೆತ್ತಗೆ ಬೀಳುತ್ತದೆ. ತಪ್ಪಿದರೆ ಚೈನು ಕರಕರ ಅನ್ನುತ್ತದೆ, ಇಲ್ಲವೇ ತಾನಾಗಿ ಹಾರುತ್ತದೆ.

ಹಲ್ಲುಚಕ್ರಗಳ ಸಂಖ್ಯೆ ಜಾಸ್ತಿಯಾದಷ್ಟೂ ನಡುವಿನ ದೂರ ಕಡಿಮೆಯಾಗುತ್ತದೆ. 11 ಸ್ಪೀಡ್‌ನಲ್ಲಿ ಸುಮಾರು 3.7 ಮಿಲಿಮೀಟರ್, 12ರಲ್ಲಿ 3.5ರ ಆಸುಪಾಸು. ಲಿವರ್ ಸವೆದೋ, ಡಿರೇಲರ್ ಗೂಟ ಸಡಿಲವಾಗಿಯೋ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆಯಿತು ಅಂದುಕೊಳ್ಳಿ. 8 ಸ್ಪೀಡ್‌ನಲ್ಲಿ ಅದು ಹತ್ತರಲ್ಲೊಂದು ಪಾಲಿನ ತಪ್ಪು, ನಡೆದುಹೋಗುತ್ತದೆ. 12ರಲ್ಲಿ ಏಳರಲ್ಲೊಂದು ಪಾಲು. ಅಲ್ಲಿ ಸೈಕಲ್ ಮುನಿಸಿಕೊಳ್ಳುತ್ತದೆ. ಅಗ್ಗದ ಸೆಟ್‌ಗಳ ಹಣೆಬರಹ ತಿಳಿಯಬೇಕಾದರೆ ಇದನ್ನು ನೆನಪಿಡಬೇಕು. ಸ್ಪೀಡ್ ಕಡಿಮೆ ಇದ್ದಾಗ ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ಓಡಿಸುವವರಿಗೆ ಅಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲ. 11, 12ಕ್ಕೆ ಹೋದಾಗ ಕಾರ್ಖಾನೆಯ ಕೈಚಳಕ ಬಯಲಿಗೆ ಬರುತ್ತದೆ. ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಎಂಟು ಸಾವಿರ ಕಿಲೋಮೀಟರ್ ಆದಮೇಲೆ ಕೇಳಬೇಕು.

ಒಂದು ಸಲ ಒತ್ತಿದರೆ ಒಂದು ಗೇರ್ ಅನ್ನುವ ಈ ಸೌಕರ್ಯ ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಫ್ರೇಮಿನ ಕೆಳಕೊಳವೆ ಮೇಲೆ ಚಿಕ್ಕ ಲಿವರ್ ಇರುತ್ತಿತ್ತು. ಅಂದಾಜಿನ ಮೇಲೆ ತಿರುಗಿಸಿ, ಸದ್ದು ಕೇಳಿ ಸರಿಮಾಡಿಕೊಳ್ಳಬೇಕಿತ್ತು. 1921ರಲ್ಲಿ ಜಪಾನಿನ ಸಕಾಯ್ ಊರಲ್ಲಿ ಶುರುವಾದ ಶಿಮಾನೊ 1984ರಲ್ಲಿ ಡ್ಯುರಾ ಏಸ್ ಸೆಟ್ಟಿಗೆ ಕ್ಲಿಕ್ ತಂದಿತು. 1990ರಲ್ಲಿ ಬ್ರೇಕು, ಗೇರು ಎರಡನ್ನೂ ಒಂದೇ ಲಿವರ್‌ಗೆ ಸೇರಿಸಿತು. ಇಟಲಿಯ ಕ್ಯಾಂಪಗ್ನೊಲೊ, ಅಮೆರಿಕದ ಸ್ರ್ಯಾಮ್ ತಮ್ಮತಮ್ಮ ದಾರಿ ಕಂಡುಕೊಂಡವು. ಬಹಳ ಕಾಲ ರೋಡ್ ಬೈಕ್ ಅಂದರೆ ಈ ಮೂರೇ ಹೆಸರು.

ಈಗ ಪಟ್ಟಿ ಉದ್ದವಾಗಿದೆ. ತೈವಾನಿನ ಮೈಕ್ರೋಶಿಫ್ಟ್ 1999ರಿಂದಲೂ ಇದೆ. ಚೀನಾದ ಸೆನ್ಸಾ, ಎಲ್‌ಟ್ವೂ, ವೀಲ್‌ಟಾಪ್ ಇತ್ತೀಚಿನ ವರ್ಷಗಳಲ್ಲಿ ಕಿವಿಗೆ ಬೀಳುತ್ತಿರುವ ಹೆಸರುಗಳು. ಇವು ಇಷ್ಟು ಬೇಗ ಮುಂದೆ ಬರಲು ದೊಡ್ಡ ಕಂಪನಿಗಳೇ ಜಾಗ ಬಿಟ್ಟುಕೊಟ್ಟವು ಅನ್ನಬಹುದು. ಕೋವಿಡ್ ಕಾಲದಲ್ಲಿ ಸೈಕಲ್‌ಗೆ ಬೇಡಿಕೆ ಏರಿತು, ಶಿಮಾನೊ ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಸೈಕಲ್ ಜೋಡಿಸುವವರು ಸಿಕ್ಕಿದ್ದನ್ನು ಹಾಕಿದರು. ಇನ್ನೊಂದು ಕಡೆ, ಶ್ರದ್ಧೆಯಿಂದ ತುಳಿಯುವ ಸಾಮಾನ್ಯ ಸವಾರರ ಸೆಟ್ ಅನ್ನಿಸಿಕೊಂಡಿದ್ದ ಶಿಮಾನೊ 105, 2022ರಲ್ಲಿ 12 ಸ್ಪೀಡ್ ಆದಾಗ ಮೊದಲು ಎಲೆಕ್ಟ್ರಾನಿಕ್ ಆಗಿ ಮಾತ್ರ ಬಂತು. ಕೇಬಲ್‌ನ 12 ಸ್ಪೀಡ್ 105 ಬರಲು 2023 ಆಗಬೇಕಾಯಿತು. ಸ್ರ್ಯಾಮ್‌ನ ಗಮನವೆಲ್ಲ ವೈರ್‌ಲೆಸ್ ಕಡೆ ಹೋಗಿತ್ತು. ಕೇಬಲ್ ಬೇಕು, 11 ಅಥವಾ 12 ಸ್ಪೀಡ್ ಬೇಕು, ಬೆಲೆ ಕೈಗೆಟುಕಬೇಕು ಅನ್ನುವವರಿಗೆ ಮಧ್ಯದಲ್ಲಿ ಒಂದು ಕಂದಕ ಬಿತ್ತು. ಸೆನ್ಸಾ, ಎಲ್‌ಟ್ವೂ ಬಂದು ನಿಂತದ್ದು ಸರಿಯಾಗಿ ಅಲ್ಲೇ.

ಯುರೋಪು, ಅಮೆರಿಕದವರು ಈ ಸೆಟ್‌ಗಳನ್ನು ಹೊಗಳಿದ್ದು ಕೇಳಿ ನಾವು ಇಲ್ಲಿ ಆಸೆಪಡುತ್ತೇವೆ. ಆದರೆ ಅವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ಅವರು ಇವನ್ನು ಬಹುತೇಕ ಕೊಳ್ಳುವುದು ಅಲಿಎಕ್ಸ್‌ಪ್ರೆಸ್‌ನಂಥ ಕಡೆ, ಕಾರ್ಖಾನೆ ಬೆಲೆಗೆ ಹತ್ತಿರದಲ್ಲಿ. ಭಾರತ ಸರ್ಕಾರ 2020ರ ನವೆಂಬರ್‌ನಲ್ಲಿ ನಿಷೇಧಿಸಿದ 43 ಆ್ಯಪ್‌ಗಳಲ್ಲಿ ಅಲಿಎಕ್ಸ್‌ಪ್ರೆಸ್ ಕೂಡ ಒಂದು. ಹಾಗಾಗಿ ನಮಗೆ ಉಳಿದದ್ದು ಮೂರು ದಾರಿ. ತರಿಸಿ ಮಾರುವ ವ್ಯಾಪಾರಿ, ಹೊರದೇಶದಿಂದ ಬರುವ ಅಣ್ಣನೋ ಭಾವನೋ, ಅಥವಾ ಹೊಸ ಸೈಕಲ್ ಜೊತೆಗೇ ಬಂದ ಸೆಟ್. ವ್ಯಾಪಾರಿ ತರಿಸಿದರೆ ಸುಂಕ, ಸಾಗಣೆ, ಅವರ ಲಾಭ ಎಲ್ಲ ಸೇರುತ್ತದೆ. ಅಷ್ಟು ಹೊತ್ತಿಗೆ ಶಿಮಾನೊಗೂ ಇದಕ್ಕೂ ಇದ್ದ ಅಂತರ ಕರಗಿರುತ್ತದೆ. ನೆಂಟರ ಕೈಲಿ ತರಿಸಿದರೆ ಬೆಲೆ ಕಡಿಮೆ, ಆದರೆ ವಾರಂಟಿ ಅನ್ನುವುದು ಬರೀ ಮಾತು. ಮುರಿದ ಲಿವರ್ ಹಿಡಿದು ಯಾರ ಬಾಗಿಲು ತಟ್ಟುವುದು? ನಾನು ಅನುಭವಿಸಿದ್ದು ಇದನ್ನೇ.

ಹಾಗಂತ ಬಜೆಟ್ ಸೆಟ್ ಎಲ್ಲವೂ ಒಂದೇ ಅಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ, ಕೊಳ್ಳುವವರು ಇದನ್ನು ಕೇಳುವುದೇ ಕಡಿಮೆ. ಲಿವರ್ ಕೇಬಲ್ ಎಳೆಯುವ ಅಳತೆ ಯಾರದು? ಮೈಕ್ರೋಶಿಫ್ಟ್‌ನ ಹಳೆಯ ರೋಡ್ ಲಿವರ್‌ಗಳು, ಅಂದರೆ 8, 9, 10 ಸ್ಪೀಡಿನವು, ಶಿಮಾನೊದ ಹಳೆಯ ಅಳತೆಯನ್ನೇ ಹಿಡಿದಿವೆ. ಡೆಕಾತ್ಲಾನ್‌ನ ಟ್ರೈಬ್ಯಾನ್ ಆರ್‌ಸಿ 120 ಸೈಕಲ್‌ನಲ್ಲಿ ಬಂದದ್ದು ಮೈಕ್ರೋಶಿಫ್ಟ್ ಸೆಟ್ಟೇ. ಅಳತೆ ಒಂದೇ ಆಗಿದ್ದರೆ ಲಿವರ್ ಹೋದಾಗ ಅದೇ ಅಳತೆಯ ಹಳೇ ಶಿಮಾನೊ ಲಿವರ್ ಹಾಕಿಕೊಳ್ಳಬಹುದು, ಡಿರೇಲರ್ ಹೋದರೆ ಡಿರೇಲರ್. ತನ್ನದೇ ಅಳತೆ ಮಾಡಿಕೊಂಡ ಸೆಟ್ ಆದರೆ ಒಂದು ಭಾಗ ಕೆಟ್ಟರೆ ಎರಡನ್ನೂ ಬದಲಿಸಬೇಕು. ಇದೇ ಮೈಕ್ರೋಶಿಫ್ಟ್‌ನ ಅಡ್ವೆಂಟ್ ಎಕ್ಸ್ ಸೆಟ್ಟಿಗೆ ಬೇರೆಯದೇ ಅಳತೆ. ಒಂದೇ ಕಂಪನಿ, ಎರಡು ಕಥೆ. ಅದಕ್ಕೇ ಹೆಸರು ನೋಡಿ ತೀರ್ಮಾನ ಮಾಡಬೇಡಿ ಅನ್ನುವುದು.

ದೊಡ್ಡ ಕಂಪನಿಗಳು ಈ ವಿಷಯದಲ್ಲಿ ಸಾಚಾ ಎಂದೂ ಅಲ್ಲ. ಶಿಮಾನೊದ 10 ಸ್ಪೀಡ್ ಟಿಯಾಗ್ರಾ 4700 ತನ್ನ ಹಿಂದಿನ 10 ಸ್ಪೀಡ್ ಟಿಯಾಗ್ರಾ ಜೊತೆ ಕೂಡುವುದಿಲ್ಲ. ಹೆಸರೂ ಅದೇ, ಸಂಖ್ಯೆಯೂ ಅದೇ, ಎಳೆತದ ಅಳತೆ ಮಾತ್ರ ಬೇರೆ. ತಿಳಿಯದೆ ಸೆಕೆಂಡ್‌ಹ್ಯಾಂಡ್ ಲಿವರ್ ಕೊಂಡು ತಲೆ ಚಚ್ಚಿಕೊಂಡವರು ನನಗೇ ಇಬ್ಬರು ಗೊತ್ತು. 2024ರಲ್ಲಿ ಕ್ಯೂಸ್ ಅನ್ನುವ ಹೊಸ ಸಾಲು ರೋಡ್ ಬೈಕಿಗೂ ಬಂತು. ತನ್ನ ಕಡಿಮೆ ಬೆಲೆಯ ಸಾಲುಗಳಾದ ಕ್ಲಾರಿಸ್, ಸೋರಾ, ಟಿಯಾಗ್ರಾ ಮೂರರ ಜಾಗಕ್ಕೂ ಇದೇ ಅನ್ನುವುದು ಶಿಮಾನೊ ಲೆಕ್ಕ. ಹಲ್ಲು ದಪ್ಪ, ಬಾಳಿಕೆ ಜಾಸ್ತಿ ಅನ್ನುತ್ತಾರೆ. 9, 10, 11 ಸ್ಪೀಡ್‌ಗೆಲ್ಲ ಒಂದೇ ಅಳತೆ ಇಟ್ಟಿರುವುದು ನಿಜಕ್ಕೂ ಒಳ್ಳೆಯದು. ಆದರೆ ಹಳೆಯದರ ಜೊತೆ ಇದು ಸೇರುವುದಿಲ್ಲ. ಇವತ್ತು ಕ್ಲಾರಿಸ್ ಕೊಳ್ಳುವವರು ಇನ್ನು ಏಳೆಂಟು ವರ್ಷಕ್ಕೆ ಲಿವರ್ ಹುಡುಕಬೇಕಾದರೆ ಏನು ಮಾಡಬೇಕು? ಶಿಮಾನೊ ಇಲ್ಲಿಯವರೆಗೆ ಕೋಟಿಗಟ್ಟಲೆ ಸೆಟ್ ಮಾಡಿ ಹರಡಿರುವುದರಿಂದ ಹಳೇ ಮಾಲು ಎಲ್ಲಿಯಾದರೂ ಸಿಗುತ್ತದೆ. ಆ ಸಿಗುವಿಕೆಗೇ ನಾವು ದುಡ್ಡು ಕೊಡುವುದು.

ಇನ್ನೊಂದು ವಿಷಯ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಶಿಮಾನೊದ 11 ಸ್ಪೀಡ್ ರೋಡ್ ಲಿವರ್‌ಗಳಲ್ಲಿ ಕೇಬಲ್ ಒಳಗೇ ಗಟ್ಟಿ ಬಾಗುತ್ತದೆ. ಬಾಗಿ ಬಾಗಿ ತಲೆಯ ಹತ್ತಿರ ಎಳೆ ಎಳೆಯಾಗಿ ಬಿಚ್ಚಿಕೊಂಡು, ಒಂದು ದಿನ ಒಳಗೇ ತುಂಡಾಗುತ್ತದೆ. ಗೇರ್ ಸ್ವಲ್ಪ ಸೋಮಾರಿಯಾಯಿತು, ಟ್ಯೂನ್ ಮಾಡಿದರೂ ಎರಡೇ ದಿನಕ್ಕೆ ತಪ್ಪುತ್ತಿದೆ ಅನ್ನಿಸಿದರೆ ಅದೇ ಸೂಚನೆ. ಆಗಲೇ ಕೇಬಲ್ ಬದಲಿಸಿದರೆ ಬರೀ ಕೇಬಲ್ ಖರ್ಚು. ತುಂಡಾದಮೇಲೆ ಬಂದರೆ ಒಳಗೆ ಸಿಕ್ಕಿದ ಚೂರುಗಳನ್ನು ಚಿಮಟದಿಂದ ಒಂದೊಂದೇ ಎತ್ತಬೇಕು. ಕೆಲವೊಮ್ಮೆ ಲಿವರ್ರೇ ಹೋಗುತ್ತದೆ.

2023ರ ಸೆಪ್ಟೆಂಬರ್‌ನಲ್ಲಿ ಶಿಮಾನೊ ತನ್ನ ದುಬಾರಿ ಸೆಟ್‌ಗಳಾದ ಅಲ್ಟೆಗ್ರಾ, ಡ್ಯುರಾ ಏಸ್‌ನ ಕ್ರ್ಯಾಂಕ್‌ಗಳನ್ನು, ಅಂದರೆ ಪೆಡಲ್ ಕೂರುವ ತೋಳುಗಳನ್ನು, ವಾಪಸ್ ಕರೆಯಿತು. ಅಂಟಿಸಿ ಜೋಡಿಸಿದ ತೋಳು ಬಿಟ್ಟುಕೊಳ್ಳುತ್ತಿದ್ದದ್ದು ಕಾರಣ. ಅಮೆರಿಕ, ಕೆನಡಾ ಎರಡೇ ದೇಶದಲ್ಲಿ ಸುಮಾರು 7.6 ಲಕ್ಷ ಕ್ರ್ಯಾಂಕ್‌ಗಳಿಗೆ ಈ ತಪಾಸಣೆ. ದುಡ್ಡು ಜಾಸ್ತಿ ಕೊಟ್ಟರೆ ತೊಂದರೆಯೇ ಇಲ್ಲ ಅನ್ನುವವರಿಗೆ ಇದು ಉತ್ತರ. ಆದರೆ ಅದೇ ಘಟನೆಗೆ ಇನ್ನೊಂದು ಮುಖವೂ ಇದೆ. ಅವರ ಬಳಿ ತಯಾರಿಕೆಯ ಸಂಕೇತ ಇತ್ತು, ಯಾವ ವರ್ಷದ್ದು ಎಂದು ಹೇಳುವ ಲೆಕ್ಕ ಇತ್ತು, ಅಂಗಡಿಗಳ ಜಾಲ ಇತ್ತು. ತಪ್ಪು ಒಪ್ಪಿಕೊಂಡು ಬದಲಿಸಿಕೊಡುವ ದಾರಿ ಇತ್ತು. ಪ್ಲಾಸ್ಟಿಕ್ ಚೀಲದಲ್ಲಿ ಬಂದ ಸೆಟ್ಟಿಗೆ ಆ ದಾರಿ ಇಲ್ಲ.

ಹಾಗಾದರೆ ಯಾರು ಏನು ಕೊಳ್ಳಬೇಕು? 8 ಸ್ಪೀಡ್ ಮಟ್ಟದಲ್ಲಿ ನನಗೆ ಅನುಮಾನವೇ ಇಲ್ಲ. ಶಿಮಾನೊ ಕ್ಲಾರಿಸ್ ಎದುರು ಅಗ್ಗದ ಕಂಪನಿಗಳು ಉಳಿಸಿಕೊಡುವ ದುಡ್ಡು ತೀರಾ ಕಡಿಮೆ. ಕ್ಲಾರಿಸ್‌ನಲ್ಲಿ ಹಲ್ಲುಚಕ್ರಗಳ ನಡುವೆ ಜಾಗ ಜಾಸ್ತಿ, ಚೈನು ದಪ್ಪ, ಸಣ್ಣಪುಟ್ಟ ತಪ್ಪನ್ನು ಕ್ಷಮಿಸುತ್ತದೆ. ಹಾವೇರಿಯ ಅಂಗಡಿಯಲ್ಲೂ 8 ಸ್ಪೀಡ್ ಚೈನು ಸಿಗುತ್ತದೆ. ಆಫೀಸಿಗೆ ಹೋಗಿಬರಲು, ವಾರಕ್ಕೊಮ್ಮೆ ನೈಸ್ ರಸ್ತೆ ಕಡೆ ಸುತ್ತಲು ಹೊಸ ಸೈಕಲ್ ಕೊಳ್ಳುವವರು "ಅಯ್ಯೋ ಎಂಟೇನಾ" ಎಂದು ಬೇಜಾರು ಮಾಡಿಕೊಳ್ಳಬೇಡಿ. ಅದೇ ಬೆಲೆಗೆ 11 ಸ್ಪೀಡ್ ಕೊಡುವ ಸೈಕಲ್ ಪಕ್ಕದಲ್ಲಿ ನಿಂತಿದ್ದರೂ ನಾನು ಎಂಟನ್ನೇ ಎತ್ತಿಕೊಳ್ಳುತ್ತೇನೆ.

ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವರ ಮಾತು ಬೇರೆ. 600 ಕಿಲೋಮೀಟರ್‌ಗೆ 40 ಗಂಟೆ ಸಮಯ. ರಾತ್ರಿ ಎರಡು ಗಂಟೆಗೆ ಹಿರಿಯೂರಿನ ಆಚೆ ಹೆದ್ದಾರಿಯಲ್ಲಿ ಲಿವರ್ ಹೋದರೆ ಅಲ್ಲಿಗೆ ಮುಗಿಯಿತು. ಅವರಿಗೆ ನಾನು ಹೇಳುವುದು ಹಳೆಯದಾದರೂ ಸರಿ, ಗೊತ್ತಿರುವ ಕಂಪನಿಯ ಲಿವರ್. ಕ್ಯಾಸೆಟ್ಟನ್ನು ಸನ್‌ರೇಸ್‌ನದ್ದು ಹಾಕಲಿ, ಚೈನು ಕೆಎಂಸಿಯದ್ದು ಹಾಕಲಿ. ಇವೆರಡೂ ತೈವಾನಿನ ಹಳೇ ಕಂಪನಿಗಳೇ, ಎಷ್ಟೋ ಸೈಕಲ್‌ಗಳಲ್ಲಿ ಕಾರ್ಖಾನೆಯಿಂದಲೇ ಇವು ಬರುತ್ತವೆ. ಕ್ಯಾಸೆಟ್, ಚೈನು ಸವೆಯುವ ವಸ್ತುಗಳು. ಸವೆಯುವುದು ಕಣ್ಣಿಗೆ ಕಾಣುತ್ತದೆ, ಅಳೆಯಬಹುದು. ಹೊಸ ಚೈನಿನ 12 ಇಂಚಿನ ಅಳತೆ 304.8 ಮಿಲಿಮೀಟರ್. ಅದು 306ರ ಮೇಲೆ ಹೋದರೆ ಬದಲಿಸುವ ಹೊತ್ತು. ಲಿವರ್ ಹಾಗಲ್ಲ, ಅದು ಹೇಳದೆ ಕೇಳದೆ ಹೋಗುತ್ತದೆ. ಮುನ್ಸೂಚನೆ ಕೊಟ್ಟು ಸವೆಯುವುದರಲ್ಲಿ ದುಡ್ಡು ಉಳಿಸಿ, ಕೊಡದೆ ಮುರಿಯುವುದರಲ್ಲಿ ಬೇಡ. ಒಂದು ಎಚ್ಚರಿಕೆ, ಚೈನುಗಳಲ್ಲಿ ನಕಲಿ ಮಾಲು ಓಡಾಡುತ್ತದೆ. ಅಸಲಿ ಹೆಸರಿನ ಚೈನು ನಂಬಲಾಗದ ಬೆಲೆಗೆ ಸಿಕ್ಕರೆ ನಂಬಬೇಡಿ.

ಎಲೆಕ್ಟ್ರಾನಿಕ್ ಬಂದಾಗ ಈ ಲೆಕ್ಕ ತಿರುಗುತ್ತದೆ. ಎಲ್‌ಟ್ವೂ, ವೀಲ್‌ಟಾಪ್ ಈಗ ಮೋಟಾರ್ ಇರುವ ಡಿರೇಲರ್ ಮಾಡುತ್ತಿವೆ. ಅಲ್ಲಿ ಲಿವರ್ ಬರೀ ಸ್ವಿಚ್ಚು. ಬಿಲ್ಲೆ ಇಲ್ಲ, ಕೊಕ್ಕೆ ಇಲ್ಲ. ಕೆಡುವ ಜಾಗ ಹಿಂದಿನ ಡಿರೇಲರ್‌ಗೆ ಹೋಗಿದೆ. ಅದು ಇರುವುದು ಹಿಂದಿನ ಚಕ್ರದ ಪಕ್ಕ, ಕೆಸರು ಮೊದಲು ಸಿಡಿಯುವ ಜಾಗ. ಆಗುಂಬೆ ಮಳೆಯಲ್ಲಿ ಆ ಮೋಟಾರಿನೊಳಗೆ ನೀರು ಹೋಗದಂತೆ ಎಷ್ಟು ವರ್ಷ ತಡೆಯುತ್ತದೆ ಎಂಬುದೇ ಪರೀಕ್ಷೆ. ಶಿಮಾನೊ 2009ರಿಂದ ಈ ಕೆಲಸ ಮಾಡುತ್ತಿದೆ, ಹೊಸಬರು ಈಗ ಶುರುಮಾಡಿದ್ದಾರೆ. ನಾನಾದರೆ ಇನ್ನೆರಡು ಮಳೆಗಾಲ ಕಾಯುತ್ತೇನೆ.

ಈ ಪ್ರಶ್ನೆ ನಿಜಕ್ಕೂ ಭಾರವಾಗುವುದು ವಿಜಯಪುರ, ಬಾಗಲಕೋಟೆ ಕಡೆ. ರಸ್ತೆ ಸೈಕ್ಲಿಂಗ್‌ನಲ್ಲಿ ಕರ್ನಾಟಕದ ಹೆಸರು ಉಳಿಸಿದ್ದು ಆ ಭಾಗದ ಹಳ್ಳಿ ಮಕ್ಕಳು. ಅಲ್ಲಿ ಒಂದು ಸೈಕಲ್ ಅಂದರೆ ಮನೆಯ ಒಂದು ಬೆಳೆಯ ದುಡ್ಡು. ಒಬ್ಬ ಹುಡುಗನ ತಂದೆ ನನ್ನನ್ನು ಫೋನಿನಲ್ಲಿ ಕೇಳಿದ್ದರು. "ಸರ್ರ, ಹನ್ನೊಂದ ಗೇರಿಂದು ಇಷ್ಟ ಕಡಿಮಿಗೆ ಕೊಡ್ತೀನಿ ಅಂತಾನ ಒಬ್ಬಾವ. ತಗೊಳ್ಳಬಹುದೇನ್ರಿ?" ಅವರಿಗೆ ಬೇಡ ಅಂದೆ. ಬೆಂಗಳೂರಿನಲ್ಲಿ ಸೈಕಲ್ ಹುಚ್ಚು ಇಳಿದವರು, ಹೊಸ ಸೆಟ್ ಹಾಕಿಸಿಕೊಂಡವರು ಹಳೇ ಟಿಯಾಗ್ರಾ, 105 ಲಿವರ್‌ಗಳನ್ನು ಮಾರುತ್ತಿರುತ್ತಾರೆ. ಹೊಸ ಅಗ್ಗದ ಸೆಟ್ಟಿಗಿಂತ ಅಂಥ ಹಳೇ ಜೋಡಿ ಮೇಲು. ಕೊಳ್ಳುವ ಮೊದಲು ಪ್ರತಿ ಗೇರನ್ನೂ ಮೇಲಕ್ಕೂ ಕೆಳಕ್ಕೂ ಒತ್ತಿ ನೋಡಬೇಕು, ಕಟ್ ಅನ್ನುವ ಸದ್ದು ಪ್ರತಿಸಲ ಒಂದೇ ತರ ಬರಬೇಕು. ರೇಸಿಗೆ ಹೋಗುವ ಹುಡುಗನಿಗೆ ಗೇರ್ ಸಂಖ್ಯೆ ಒಂದು ಕಡಿಮೆಯಾದರೆ ಏನೂ ಆಗುವುದಿಲ್ಲ. ಗುಂಪಿನಲ್ಲಿ ಓಡುವಾಗ ಗೇರ್ ಹಾರಿದರೆ ವರ್ಷದ ತಯಾರಿ ಹೋಗುತ್ತದೆ, ಬಿದ್ದರೆ ಮೂಳೆಯೂ ಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್, ಸೈಕಲ್ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಇಂಥ ಮನೆಗಳಿಗೆ ಅಷ್ಟಾದರೂ ಉಸಿರು.

ಕೊನೆಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. "ಈ ಅಗ್ಗದ ಗೇರ್ ಸರಿಯಿಲ್ಲ, ಬದಲಿಸಿಕೊಡಿ" ಎಂದು ಅಂಗಡಿಗೆ ಬರುವ ಎಷ್ಟೋ ಸೈಕಲ್‌ಗಳಲ್ಲಿ ಗೇರ್ ಸರಿಯಾಗಿಯೇ ಇರುತ್ತದೆ. ಬಾಗಿರುವುದು ಹ್ಯಾಂಗರ್. ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಆ ಅಲ್ಯೂಮಿನಿಯಂ ಕಿವಿ, ಸೈಕಲ್ ಒಂದು ಸಲ ಬಲಕ್ಕೆ ಬಿದ್ದರೂ ಬಾಗುತ್ತದೆ. ಫ್ರೇಮ್ ಉಳಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಹಿಂದಿನಿಂದ ಕೂತು ನೋಡಿ. ಡಿರೇಲರ್‌ನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ನಿಂತಿರಬೇಕು. ಒಳಕ್ಕೆ ವಾಲಿದ್ದರೆ ಡ್ಯುರಾ ಏಸ್ ಹಾಕಿದರೂ ಕರಕರ ತಪ್ಪುವುದಿಲ್ಲ. ಹ್ಯಾಂಗರ್ ನೇರ ಮಾಡಿಸಿ, 1.2 ಮಿಲಿಮೀಟರ್‌ನ ಒಳ್ಳೆಯ ಸ್ಟೀಲ್ ಕೇಬಲ್, ಹೊಸ ಔಟರ್, ಅಂದರೆ ಕೇಬಲ್‌ನ ಹೊರಕವಚ, ಹಾಕಿಸಿ. ಅದಾದಮೇಲೂ ಸರಿಯಾಗದಿದ್ದರೆ ಸೆಟ್ ಬದಲಿಸುವ ಮಾತಾಡೋಣ.

ನನ್ನ ಸೈಕಲ್ ಈಗ ಮತ್ತೆ ರಸ್ತೆಗೆ ಬಂದಿದೆ. ಲಿವರ್ ಜೋಡಿ, ಹಿಂದಿನ ಡಿರೇಲರ್ ಎರಡೂ ಸೆಕೆಂಡ್‌ಹ್ಯಾಂಡ್ 11 ಸ್ಪೀಡ್ 105. ಚೈನು ಕೆಎಂಸಿ. ಕ್ಯಾಸೆಟ್ ಆ ಮುರಿದ ಸೆಟ್ಟಿನದೇ. ಲಿವರ್‌ನೊಳಗೆ ಕೇಬಲ್ ಬಾಗುವ ಜಾಗದ ಭಯ ಇದ್ದೇ ಇದೆ. ಅದಕ್ಕೆ ಹೊಸ ಕೇಬಲ್ ಹಾಕಿದ ತಾರೀಖನ್ನು ಒಂದು ಬಿಳಿ ಟೇಪಿನ ಮೇಲೆ ಬರೆದು ಬಲಗಡೆ ರಬ್ಬರ್ ಹುಡ್‌ನ ಕೆಳಗೆ ಅಂಟಿಸಿದ್ದೇನೆ. ಮೂರು ಸಾವಿರ ಕಿಲೋಮೀಟರ್ ಆದಾಗ ಹುಡ್ ಸರಿಸಿ, ಟಾರ್ಚ್ ಹಾಕಿ ಒಂದು ಸಲ ಒಳಗೆ ನೋಡುತ್ತೇನೆ.